ಕುಪವಾಡಕ್ಕೆ ಮನೆ ನೋಡಲು ಹೋದದ್ದು

ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಮೊದಲ ಸಲ ಒಂದೆಡೆ ಸೇರಿದ ಆ ಭಾನುವಾರವನ್ನು ನೆನೆದರೆ ಈಗಲೂ ನನ್ನ ಕೈ ಸಣ್ಣಗೆ ನಡುಗುತ್ತದೆ. ಹೆದರಿಕೆಯಿಂದಲ್ಲ. ತುಂಬ ನಕ್ಕ ಮೇಲೆ ನಗು ನಿಂತರೂ ಮೈ ನಿಲ್ಲುವುದಿಲ್ಲವಲ್ಲ, ಹಾಗೆ. ಅಂದು ನಡೆದದ್ದನ್ನು ಯಾರಿಗಾದರೂ ಹೇಳಲು ಹೊರಟರೆ ಅರ್ಧಕ್ಕೇ ನಗು ಬಂದು ಎಲ್ಲ ಕಲಸಿಹೋಗುತ್ತದೆ, ಕೇಳುವವರು ನನ್ನ ಮುಖ ನೋಡುತ್ತ ಕೂರುತ್ತಾರೆ. ಅದಕ್ಕೇ ಈ ಸಲ ಬರೆಯುತ್ತಿದ್ದೇನೆ. ಮೆಲ್ಲಗೆ, ಒಂದಾದ ಮೇಲೆ ಒಂದು.

ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಒಂದು ಮಳೆಗಾಲ ಕಳೆದಿತ್ತು. ನಮ್ಮ ಮನೆ ವಿಶ್ರಾಮಬಾಗದಲ್ಲಿ. ಅಪ್ಪನದು ಸಾಂಗಲಿ ಪೇಟೆಯಲ್ಲಿ ಅರಿಸಿನದ ವ್ಯಾಪಾರ. ಆ ವರ್ಷಗಳಲ್ಲಿ ನಮ್ಮ ಓಣಿಗೆ ಬಣ್ಣದ ಟಿವಿ, ಫ್ರಿಜ್ ಒಂದೊಂದಾಗಿ ಬರುತ್ತಿದ್ದವು. ಸಾಂಗಲಿ, ಮೀರಜ, ಕುಪವಾಡ ಮೂರೂ ಸೇರಿ ಒಂದೇ ದೊಡ್ಡ ಊರಾಗುತ್ತದೆ ಎಂಬ ಮಾತು ಚಹದ ಅಂಗಡಿಗಳಲ್ಲಿ ಓಡಾಡುತ್ತಿತ್ತು. ಊರು ದೊಡ್ಡದಾದರೂ ವಿದ್ಯುತ್ತು ಮಾತ್ರ ಹಳೆಯ ಸ್ವಭಾವದ್ದು. ಸಂಜೆ ದೀಪಗಳು ಮಂಕಾಗಿ ಇಳಿಯುತ್ತಿದ್ದವು, ಬೆಳಗಿನ ಜಾವ ಒಮ್ಮೆಲೇ ಉರಿದೇಳುತ್ತಿದ್ದವು. ಆದ್ದರಿಂದ ಪ್ರತಿ ಫ್ರಿಜ್ಜಿನ ತಲೆಯ ಮೇಲೂ ಒಂದು ಸ್ಟೆಬಿಲೈಸರ್ ಪೆಟ್ಟಿಗೆ ಕೂತಿರುತ್ತಿತ್ತು, ಮುಖದ ಮೇಲೆ ವೋಲ್ಟೇಜು ತೋರಿಸುವ ಮುಳ್ಳೊಂದನ್ನು ಹೊತ್ತುಕೊಂಡು. ಡಿಗ್ರಿ ಮುಗಿದ ಮೇಲೆ ನಾನು ಮಾಡಿದ ಕೆಲಸವೆಂದರೆ ಇದೇ: ಓಣಿಯಲ್ಲಿ ಕೆಟ್ಟ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ನೋಡುವುದು, ಸರಿಮಾಡುವುದು, ಮತ್ತೆ ಮುಚ್ಚುವುದು. ಇದಕ್ಕೆ ಯಾರೂ ನೌಕರಿ ಎನ್ನುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರು ಸದ್ಯ ಏನು ಮಾಡ್ತಿ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಮನೆಯಲ್ಲಿದ್ದೇನೆ ಎಂದರೆ, ಒಳ್ಳೆಯದು ಒಳ್ಳೆಯದು, ಅಪ್ಪ ಎಲ್ಲಾದರೂ ವರ ನೋಡ್ಯಾನೇನು ಎನ್ನುತ್ತಿದ್ದರು.

ಅಪ್ಪ ನೋಡಿರಲಿಲ್ಲ, ಆದರೆ ಷರತ್ತು ಹಾಕಿದ್ದ. ದೀಪಾವಳಿಯೊಳಗೆ ನೌಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಮುಂದಿನ ವಧು-ವರ ಮೇಳಾವಾದಲ್ಲಿ ನನ್ನ ಹೆಸರು. ನೌಕರಿಯೂ ಸಾಂಗಲಿ, ಮೀರಜ, ಕುಪವಾಡದ ಒಳಗೇ ಇರಬೇಕು. ಪುಣೆಯ ಮಾತು ಎತ್ತಕೂಡದು.

ಮೇಳಾವಾ ಎಂದರೆ ನಮ್ಮ ಜೈನ ಸಮಾಜದವರು ಮದುವೆಯ ವಯಸ್ಸಿಗೆ ಬಂದ ಹುಡುಗ ಹುಡುಗಿಯರನ್ನೆಲ್ಲ ಒಂದು ಮಂಗಲ ಕಾರ್ಯಾಲಯದಲ್ಲಿ ಕೂಡಿಸುವ ಕಾರ್ಯಕ್ರಮ. ಒಬ್ಬೊಬ್ಬರೇ ವೇದಿಕೆ ಹತ್ತಿ, ಮೈಕಿನ ಮುಂದೆ ನಿಂತು, ಹೆಸರು, ಊರು, ಶಿಕ್ಷಣ, ಎತ್ತರ, ನೌಕರಿ, ಪಗಾರ ಹೇಳಬೇಕು. ಕೊನೆಯಲ್ಲಿ 'ಅಪೇಕ್ಷಾ', ಅಂದರೆ ತನಗೆ ಎಂಥವರು ಬೇಕು ಎಂಬುದು. ಕೆಳಗೆ ಕೂತ ಹಿರಿಯರು ಎದ್ದುನಿಂತು ಪ್ರಶ್ನೆ ಕೇಳಬಹುದು. ಅಕ್ಕನಿಗಾಗಿ ನಾವು ಇಂಥ ಮೇಳಾವಾಗಳಿಗೆ ಹಲವು ಸಲ ಹೋಗಿದ್ದೆವು. ಅಲ್ಲಿ ಪ್ರಶ್ನೆ ಕೇಳುವುದರಲ್ಲಿ ನಮ್ಮ ಅಜ್ಜಿಯನ್ನು ಮೀರಿಸುವವರು ಇರಲಿಲ್ಲ.

ನಾನು ಕುಪವಾಡದ ಕಾರ್ಖಾನೆಗಳ ಗೇಟುಗಳಿಗೆಲ್ಲ ಹೋಗಿ ಬಂದಿದ್ದೆ. ಒಂದರಲ್ಲಿ ಸ್ಟೆಬಿಲೈಸರ್ ತಯಾರಾಗುತ್ತಿತ್ತು. ಅದರ ಮಾಲಕರು ನಮ್ಮದೇ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಎಂದು ಕೇಳಿದ್ದೆ. ಅಲ್ಲಿನ ವಾಚಮನ್ ನನ್ನನ್ನು ಎರಡು ಸಲವೂ ಗೇಟಿನಿಂದಲೇ ಕಳಿಸಿದ್ದ. ಸಾಹೇಬರು ಇಲ್ಲ ಎಂದು ಅವನು ಹೇಳುವಾಗ ಸಾಹೇಬರ ಸ್ಕೂಟರು ಅವನ ಬೆನ್ನ ಹಿಂದೆಯೇ ನಿಂತಿತ್ತು. ಈಗ ಕಾಲೇಜಿನ ಕೂಟಕ್ಕೆ ಅದೇ ಸಾಹೇಬರು ಬರುತ್ತಾರೆ ಎಂದು ತಿಳಿದಾಗ ನಾನೂ ಹೋಗುತ್ತೇನೆ ಎಂದೆ. ಗೇಟಿಲ್ಲದ ಜಾಗದಲ್ಲಿ ಅವರು ಸಿಗುವುದು ಅಲ್ಲಿ ಮಾತ್ರ. ಅಪ್ಪ, ಅಜ್ಜಿಯನ್ನು ಕರೆದುಕೊಂಡು ಹೋಗು ಎಂದ.

ಇದೊಂದನ್ನು ಸ್ಪಷ್ಟವಾಗಿ ಬರೆಯಬೇಕು. ನಾನು ಅಜ್ಜಿಗೆ ಇದು ಕಾಲೇಜಿನ ಕಾರ್ಯಕ್ರಮ, ನಮ್ಮ ಜೊತೆ ಓದಿದವರು, ನಮಗಿಂತ ಮೊದಲು ಓದಿದವರು ಬರುತ್ತಾರೆ ಎಂದು ಬಿಡಿಸಿ ಹೇಳಿದ್ದೆ. ಅವಳು ಸರಿಯಾಗಿಯೇ ಕೇಳಿಸಿಕೊಂಡಳು. ಕಪಾಟಿನಿಂದ ಮದುವೆಗಳಿಗೆ ಉಡುವ ಇಳಕಲ್ ಸೀರೆ ತೆಗೆದಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ, ಅಲ್ಲಿ ತಡವಾದರೆ ಇರಲಿ ಎಂದು ಡಬ್ಬಿಯಲ್ಲಿ ದಪಾಟಿ, ಅಂದರೆ ಖಾರದ ರೊಟ್ಟಿ, ಕಟ್ಟಿಕೊಂಡಳು.

ಕೂಟ ನಡೆದದ್ದು ವಿಶ್ರಾಮಬಾಗದ ಮಂಗಲ ಕಾರ್ಯಾಲಯದಲ್ಲಿ, ಮಧ್ಯಾಹ್ನದ ಮೇಲೆ. ಅಕ್ಕ ವೇದಿಕೆ ಹತ್ತಿದ್ದೂ ಅಲ್ಲೇ. ಹಿಂದಿನ ದಿನ ಯಾರದೋ ಮದುವೆಯಾಗಿ ಚೆಂಡು ಹೂವಿನ ಮಾಲೆಗಳು ಇನ್ನೂ ತೂಗುತ್ತಿದ್ದವು. ವೇದಿಕೆಯ ಮೂಲೆಯಲ್ಲಿ ಗಂಡು ಹೆಣ್ಣು ಕೂರುವ ಎರಡು ಕೆಂಪು ಮಖಮಲ್ಲಿನ ಕುರ್ಚಿಗಳು ಹಾಗೇ ಉಳಿದಿದ್ದವು. ಒಳಗೆ ಕಾಲಿಟ್ಟ ಅಜ್ಜಿ ಮಾಲೆ ನೋಡಿದಳು, ಕುರ್ಚಿ ನೋಡಿದಳು, ಮೈಕು ನೋಡಿದಳು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗರ ಸಾಲು ನೋಡಿದಳು. ಸೆರಗು ಸರಿಮಾಡಿಕೊಂಡು ಎರಡನೆಯ ಸಾಲಿನ ತುದಿಗೆ ಕೂತಳು. ಮೇಳಾವಾದಲ್ಲಿ ಅವಳು ಕೂರುತ್ತಿದ್ದ ಜಾಗವೇ ಅದು. ಏಳಲು ಸುಲಭ.

ಕಾರ್ಯಕ್ರಮ ನಡೆಸುತ್ತಿದ್ದವರು ನಮ್ಮ ಒಬ್ಬ ಪ್ರಾಧ್ಯಾಪಕರು. ಒಬ್ಬೊಬ್ಬರೇ ಮೇಲೆ ಬಂದು ಹೆಸರು, ವರ್ಷ, ಈಗ ಮಾಡುವ ಕೆಲಸ ಹೇಳಬೇಕು ಎಂದರು. ಮೊದಲು ಬಂದವನು ನಮಗಿಂತ ಒಂದು ವರ್ಷ ಮುಂದಿದ್ದ ಹುಡುಗ. ಪುಣೆಯಲ್ಲಿ ವಿದೇಶಿ ಕಂಪನಿ, ಏಸಿ ಆಫೀಸು, ಪಗಾರ ಇಷ್ಟು ಎಂದು ಮರಾಠಿಯಲ್ಲಿ ಲಯಬದ್ಧವಾಗಿ ಹೇಳಿದ. ಚಪ್ಪಾಳೆ ನಿಂತಿತು. ಅಜ್ಜಿ ಎದ್ದು ನಿಂತಳು.

"ತಮ್ಮಾ, ಪಗಾರ ಆತು. ಹೊಲಾ ಎಷ್ಟ ಐತಿ?"

ನಾನು ಅವಳ ಸೆರಗು ಜಗ್ಗಿದೆ. ಅದು ಜಾರಿ ನನ್ನ ಕೈಗೇ ಬಂತು, ಅವಳು ಮತ್ತೆ ಹೊದ್ದುಕೊಂಡು ನಿಂತೇ ಇದ್ದಳು. ಹುಡುಗನಿಗೆ ಕನ್ನಡ ತಿಳಿಯಿತು, ನಮ್ಮ ಕಡೆಯ ಎಲ್ಲ ಹುಡುಗರಿಗೂ ತಿಳಿಯುತ್ತದೆ, ಅಜ್ಜಿಯಂದಿರ ಭಾಷೆ ಅದು. ಅವನು ಮರಾಠಿಯಲ್ಲಿ ಏನೋ ಹೇಳಿದ. ಅಜ್ಜಿ, ಕನ್ನಡದಾಗ ಹೇಳು, ನನಗ ಕೇಳಸಂಗಿಲ್ಲ ಎಂದಳು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶಬ್ದಗಳನ್ನು ಹುಡುಕಿ ಹುಡುಕಿ ಜೋಡಿಸಿದ.

"ಹೊಲ ಇಲ್ಲ, ಅಜ್ಜಿ. ಇತ್ತು. ಕಾಕಾ ತಗೊಂಡ."

"ಪುಣೆದಾಗ ಮನಿ ಸ್ವಂತದ್ದೋ, ಭಾಡೇದ್ದೋ?"

"ಭಾಡೇದ್ದು. ಒಂದ ಖೋಲಿ. ಐದ ಮಂದಿ."

"ಅಡಗಿ ಯಾರ ಮಾಡ್ತಾರ?"

"ಯಾರೂ ಇಲ್ಲ," ಎಂದ ಅವನು, ಮತ್ತು ಎಲ್ಲರಿಗಿಂತ ಮೊದಲು ತಾನೇ ನಕ್ಕ. ಆಮೇಲೆ ಹಾಲ್ ಪೂರ್ತಿ ನಕ್ಕಿತು. ಅದು ಗೇಲಿಯ ನಗುವಲ್ಲ. ಬಿಗಿಯಾದ ಬೂಟನ್ನು ಕಾಲಿನಿಂದ ಕಳಚಿದಾಗ ಆಗುತ್ತದಲ್ಲ, ಅಂಥ ಹಗುರ. ಅವನು ಇಳಿದು ಹೋಗುವಾಗ ಅಜ್ಜಿಗೆ ಕೈಮುಗಿದ.

ಅಲ್ಲಿಂದ ಮುಂದೆ ಬಂದವರೆಲ್ಲ ಸಭೆಗಿಂತ ಮೊದಲು ಎರಡನೆಯ ಸಾಲಿನ ತುದಿಯನ್ನೇ ನೋಡತೊಡಗಿದರು. ಕೆಲವರು ಅಜ್ಜಿ ಕೇಳುವ ಮೊದಲೇ ಹೇಳಿಬಿಡುತ್ತಿದ್ದರು. ಕಂಪ್ಯೂಟರ್ ಕ್ಲಾಸು ತೆರೆದವನು, ತನ್ನಲ್ಲಿ ಎರಡು ಕಂಪ್ಯೂಟರುಗಳಿವೆ, ಒಂದು ನಡೆಯುತ್ತದೆ ಎಂದ. ಇನ್ನೊಬ್ಬ, ತಾನು ಸದ್ಯ ವಿಮೆ ಮಾರುತ್ತಿದ್ದೇನೆ, ಈ ಸಭೆಗೆ ಬಂದದ್ದೂ ಅದಕ್ಕೇ ಎಂದ. ಹಿಂದೆ ಕೂತಿದ್ದ ಬೇರೆ ತಾಯಂದಿರಿಗೂ ಧೈರ್ಯ ಬಂತು, ಅವರೂ ಏಳತೊಡಗಿದರು. ಪ್ರಾಧ್ಯಾಪಕರು ಒಂದೆರಡು ಸಲ ಕೈಯೆತ್ತಿ ತಡೆಯಲು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ಕುರ್ಚಿಗೆ ಒರಗಿದರು.

ಆಮೇಲೆ ಮೈಕಿಗೆ ಬಂದ, ಖಂಡೇರಾಜುರಿ ಎಂಬ ಹಳ್ಳಿಯ ಹುಡುಗ ನನ್ನ ಜೊತೆಗೇ ಓದಿದವನು. ಇಂಜಿನಿಯರ್ ಆಗಿ ಊರಿಗೆ ಮರಳಿ ಅಪ್ಪನ ದ್ರಾಕ್ಷಿ ತೋಟಕ್ಕೆ ಹನಿ ನೀರಾವರಿಯ ಪೈಪು ಜೋಡಿಸುತ್ತಿದ್ದ. ಅದನ್ನು ಹೇಳಲು ಅವನಿಗೆ ನಾಚಿಕೆ. ನೆಲ ನೋಡುತ್ತ, ಬೇಗಬೇಗ, ಬೇರೇನೂ ಮಾಡುತ್ತಿಲ್ಲ, ಸದ್ಯಕ್ಕೆ ತೋಟದಲ್ಲಿದ್ದೇನೆ ಎಂದು ಇಳಿಯಲು ಹೊರಟ. ಅಜ್ಜಿ ಅವನನ್ನು ನಿಲ್ಲಿಸಿದಳು. ತೋಟ ಸ್ವಂತದ್ದೇ, ಬಾವಿಗೆ ನೀರು ಬೇಸಿಗೆಯಲ್ಲೂ ಇರುತ್ತದೆಯೇ ಎಂದು ಕೇಳಿದಳು. ಎರಡಕ್ಕೂ ಹೌದು ಎಂದ.

"ಹಂಗಾರ ತಲಿ ಯಾಕ ಬಗ್ಗಿಸ್ತಿ? ಕುಂದ್ರಪಾ," ಎಂದಳು. ಆಮೇಲೆ ನನ್ನತ್ತ ಬಾಗಿ, ಹಿಂದಿನ ಸಾಲಿಗೂ ಕೇಳುವ ಹಾಗೆ ಪಿಸುಗುಟ್ಟಿದಳು: "ಇವನ್ನ ನೆನಪಿಟ್ಕೋ."

ಆಗ ನನಗೆ ಹೊಳೆಯಿತು. ಅಜ್ಜಿ ಸುಮ್ಮನೆ ಪ್ರಶ್ನೆ ಕೇಳುತ್ತಿಲ್ಲ, ವರ ನೋಡುತ್ತಿದ್ದಾಳೆ. ನಾನು ಅವಳ ಕಿವಿಯಲ್ಲಿ, ಅಜ್ಜಿ ಇದು ಮದುವೆಗಲ್ಲ, ಕಾಲೇಜಿನದು ಎಂದೆ. ನನಗೂ ಗೊತ್ತೈತಿ ಎಂದಳು, ನಿಮ್ಮ ಕಾಲೇಜಿನವರು ಶಾಣ್ಯಾರು, ಫೀ ತಗೊಂಡ ಮ್ಯಾಗ ಅರ್ಧಕ್ಕ ಬಿಡಲಿಲ್ಲ, ಮದುವೀನೂ ಮಾಡಿಸಾಕತ್ತಾರ. ಅಲ್ಲ ಅಜ್ಜಿ, ಇವರು ಮದುವೆಗಾಗಿ ನಿಂತವರಲ್ಲ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಮದುವಿಗೆ ಅಲ್ಲಾಂದ್ರ ಇಷ್ಟ ಮಂದ್ಯಾಗ ಪಗಾರ ಎದಕ್ಕ ಹೇಳ್ತಾರ?"

ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು.

ವೇದಿಕೆಯ ಮೆಟ್ಟಿಲು ಹತ್ತುವಾಗ ಆಗಲೇ ಯಾರೋ ತೋರಿಸಿದ್ದ ಕಾರ್ಖಾನೆಯ ಮಾಲಕರನ್ನು ಮುಂದಿನ ಸಾಲಿನಲ್ಲಿ ಕಂಡೆ. ಬಿಳಿ ಅಂಗಿ, ಜೇಬಿನಲ್ಲಿ ಟೆಸ್ಟರ್. ಭಾನುವಾರವೂ ಟೆಸ್ಟರ್ ಇಟ್ಟುಕೊಂಡು ಬಂದಿದ್ದರು. ಮೈಕಿನ ಮುಂದೆ ನಿಂತೆ. ನನ್ನ ಹಿಂದೆ ಆ ಎರಡು ಕೆಂಪು ಕುರ್ಚಿಗಳು. ಹೆಸರು ಹೇಳಿದೆ, ವರ್ಷ ಹೇಳಿದೆ, ಎಲೆಕ್ಟ್ರಾನಿಕ್ಸ್ ಎಂದೆ. ಈಗ ಕೆಲಸದ ಮಾತು ಬರಬೇಕು. ಮನೆಯಲ್ಲಿದ್ದೇನೆ ಎನ್ನಲು ಮನಸ್ಸಾಗಲಿಲ್ಲ. ಮೈಕಿನ ಕಂಬವನ್ನು ಎತ್ತರಿಸಿದೆ, ಇಳಿಸಿದೆ, ಅದು ಕಿರ್ರೆಂದಿತು. ಎಲ್ಲರೂ ಕಾಯುತ್ತಿದ್ದರು.

ಹಿಂದಿನಿಂದ ಯಾರೋ, ಪುಣೆಯ ಹುಡುಗನೇ ಇರಬೇಕು, ಮೇಳಾವಾದ ಧಾಟಿಯಲ್ಲಿ ಕೂಗಿದ: "ಅಪೇಕ್ಷಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನೊಳಗೇ ನನಗೆ ದಾರಿ ಕಂಡಿತು. ಅಲ್ಲಿಯವರೆಗೆ ವೇದಿಕೆ ಹತ್ತಿದವರೆಲ್ಲ ತಮ್ಮ ಹತ್ತಿರ ಏನಿದೆ ಎಂದು ಹೇಳಿದ್ದರು, ಅಜ್ಜಿ ಕೇಳಿದ ಮೇಲೆ ಏನಿಲ್ಲ ಎಂದೂ ಹೇಳಿದ್ದರು. ಏನು ಬೇಕು ಎಂದು ಯಾರೂ ಹೇಳಿರಲಿಲ್ಲ. ನಾನು ಮೊದಲು ಮರಾಠಿಯಲ್ಲಿ ಹೇಳಿದೆ. ಅಜ್ಜಿ ಕಿವಿಗೆ ಕೈ ಹಚ್ಚಿದ್ದು ನೋಡಿ ಕನ್ನಡದಲ್ಲೂ ಹೇಳಿದೆ.

"ಅಪೇಕ್ಷಾ: ನೌಕರಿ. ಕುಪವಾಡದೊಳಗ. ಸ್ಟೆಬಿಲೈಸರ್ ಮಾಡೋ ಕಾರಖಾನೆದಾಗ. ದೀಪಾವಳಿಯೊಳಗ ಆಗಬೇಕು."

ಇಡೀ ಸಭೆ ಮುಂದಿನ ಸಾಲಿನತ್ತ ತಿರುಗಿತು. ಯಾರೋ ಚಪ್ಪಾಳೆ ತಟ್ಟಿದರು, ಅದು ಮಳೆಯ ಹಾಗೆ ಹರಡಿತು. ಮಾಲಕರು ಜೇಬಿನ ಟೆಸ್ಟರನ್ನು ತೆಗೆದು ನೋಡಿ ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ನಾನು ವೇದಿಕೆಯಿಂದ ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಬಿಚ್ಚಿತು. ತಾನು ತಪ್ಪು ತಿಳಿದೆ ಎಂಬ ಸುಳಿವೇ ಅಲ್ಲಿರಲಿಲ್ಲ. ಒಂದು ಸಂಬಂಧ ಬಿಟ್ಟು ಇನ್ನೊಂದು ಸಂಬಂಧ ಬಂತು, ಅಷ್ಟೇ. ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ಆ ಕಾರಖಾನಿ ಕಡಿಯವರು ಯಾರ ಬಂದಾರ್ರಿ?"

ಆಗ ನಮ್ಮ ಪ್ರಾಧ್ಯಾಪಕರು, ತರಗತಿಯಲ್ಲಿ ಒಮ್ಮೆಯೂ ನಗದವರು, ಕೆಳಗಿಳಿದು ಮಾಲಕರ ಕೈ ಹಿಡಿದು ವೇದಿಕೆಗೆ ಕರೆತಂದು ಒಂದು ಕೆಂಪು ಕುರ್ಚಿಯ ಮೇಲೆ ಕೂರಿಸಿದರು. ನೆಲ ಅದುರುವಂಥ ನಗು. ಮಾಲಕರು ಏಳಲು ಹೋದರು, ಪ್ರಾಧ್ಯಾಪಕರು ಹೆಗಲು ಒತ್ತಿ ಮತ್ತೆ ಕೂರಿಸಿದರು. ಎಷ್ಟೆಂದರೂ ಮಾಲಕರು ಅವರ ಹಳೆಯ ವಿದ್ಯಾರ್ಥಿ.

ಅಜ್ಜಿ ಶುರುಮಾಡಿದಳು. ಶೆಡ್ಡು ಸ್ವಂತದ್ದೋ ಬಾಡಿಗೆಯದೋ. ಶೆಡ್ಡು ತನ್ನದು, ಜಾಗ ಸರಕಾರದ್ದು ಎಂದರು ಅವರು. ಅವರ ಕನ್ನಡ ಚೆನ್ನಾಗಿತ್ತು. ಹೆಣ್ಣುಮಕ್ಕಳು ಯಾರಾದರೂ ಇದ್ದಾರೆಯೇ. ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ ಇದ್ದಾರೆ, ಆದರೆ ಟೆಸ್ಟಿಂಗಿಗೆ ಈವರೆಗೆ ಹುಡುಗರೇ ಎಂದರು. ಹುಡುಗರು ಎಲ್ಲಿ ಈಗ ಎಂದಳು ಅಜ್ಜಿ. ಕಲಿತ ಮೇಲೆ ಎಲ್ಲರೂ ಪುಣೆಗೆ ಹೋದರು ಎಂದು ಹೇಳಿ ಅವರು ಪುಣೆಯ ಹುಡುಗನನ್ನು ಒಂದು ಸಲ ನೋಡಿದರು. ಅವನು ಪಕ್ಕದವನ ಬೆನ್ನ ಹಿಂದೆ ಸರಿದ.

"ಹೊತ್ತ ಮುಳುಗೂದರೊಳಗ ಹುಡುಗೀನ ಮನಿಗೆ ಬಿಡ್ತೀರಿ? ಅಕಿ ಊಟ ತಪ್ಪಬಾರದು."

ಮಾಲಕರು ಉತ್ತರ ಕೊಡಲು ಬಾಯಿ ತೆರೆದು, ಕಿಟಕಿಯತ್ತ ನೋಡಿ, ಹಾಗೇ ಎದ್ದು ನಿಂತರು.

"ಅಜ್ಜಿ, ಹೊತ್ತ ಈಗ ಮುಳುಗಾಕತ್ತೈತ್ರಿ."

ನಾವೆಲ್ಲ ಕಿಟಕಿ ನೋಡಿದೆವು. ಸೂರ್ಯ ಎದುರಿನ ಮನೆಯ ನೀರಿನ ಟಾಕಿಯ ಹಿಂದೆ ಇಳಿಯುತ್ತಿದ್ದ. ಮಾತಿನ ಭರದಲ್ಲಿ ಯಾರಿಗೂ ಹೊತ್ತಿನ ಪರಿವೆ ಇರಲಿಲ್ಲ. ಅರ್ಧ ಸಭೆ ನಮ್ಮ ಜೈನರೇ, ಅರ್ಧ ಸಭೆ ಒಮ್ಮೆಲೇ ಎದ್ದಿತು. ಭಾಷಣ ಮಾಡಲು ಕಾದಿದ್ದ ಅತಿಥಿಯನ್ನೂ ಎಳೆದುಕೊಂಡು ಎಲ್ಲರೂ ಊಟದ ಕೋಣೆಗೆ ಓಡಿದೆವು. ಇಂಜಿನಿಯರುಗಳು, ಅವರ ತಾಯಂದಿರು, ಸೀರೆ ಎತ್ತಿ ಹಿಡಿದ ಮಾವಶಿಯರು, ಎಲ್ಲರೂ. ಅಡುಗೆಯವರು ಪೂರಿಯ ಎಣ್ಣೆಯನ್ನು ಆಗತಾನೇ ಒಲೆಗೆ ಇಟ್ಟಿದ್ದರು. ಸಿಕ್ಕದ್ದು ಭಡಂಗ ಮಾತ್ರ, ಖಾರ ಹಚ್ಚಿದ ಚುರುಮುರಿ. ಮುಷ್ಟಿ ಮುಷ್ಟಿಯಾಗಿ ಬಾಯಿಗೆ ಹಾಕಿಕೊಂಡೆವು, ನಗುತ್ತ, ಕೆಮ್ಮುತ್ತ. ಅಜ್ಜಿ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿ, ಮಾಲಕರನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರ ಕೈಗೆ ದಪಾಟಿ ಇಟ್ಟಳು. ಅವರು ತಿಂದರು. ತಿಂದು ಮುಗಿಸಿ, ನನ್ನದೂ ಒಂದು ಅಪೇಕ್ಷಾ ಇದೆ, ಕಲಿಸಿದ ಮೇಲೆ ಓಡಿಹೋಗಬಾರದು ಎಂದರು. ಓಡಾಕ ಅವರಪ್ಪ ಬಿಡಬೇಕಲ್ಲ ಎಂದಳು ಅಜ್ಜಿ. ನಾನು ಕುತ್ತಿಗೆ ಚಾಚಿ ಕಾಯುತ್ತಿದ್ದೆ. ಅವರು ಹೌದು ಎನ್ನುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಅಜ್ಜಿ ಕೈ ತೊಳೆದುಕೊಂಡು ಎದ್ದುಬಿಟ್ಟಳು.

"ಹಂಗ ಮಾತ ಕೊಡಾಂಗಿಲ್ಲ. ಮೊದಲ ಮನಿ ನೋಡಾಕ ಬರ್ತೇವಿ."

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ತಪ್ಪಿಸಲಾಗದ ಪದ್ಧತಿ. ಅದಾಗದೆ ಮಾತು ಮುಂದೆ ಹೋಗುವುದಿಲ್ಲ. ಆ ರಾತ್ರಿ ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇನ್ನೇನು ಸಿಗಲಿದ್ದ ನೌಕರಿಯನ್ನು ಅಜ್ಜಿ ಪದ್ಧತಿಯ ಕೈಗೆ ಕೊಟ್ಟು ಬಂದಿದ್ದಳು.

ಆ ವಾರವೇ ನಾವು ಮೂವರೂ ಕುಪವಾಡಕ್ಕೆ ಹೋದೆವು. ಅಪ್ಪ ಬಿಳಿ ಟೋಪಿ ಹಾಕಿಕೊಂಡಿದ್ದ. ಕಾರ್ಖಾನೆಗೆ ಹುಡುಗಿಯನ್ನು ಕಳಿಸುವ ಮನಸ್ಸು ಅವನಿಗಿರಲಿಲ್ಲ, ಆದರೆ ತಾಯಿ ಮನೆ ನೋಡೋಣ ಎಂದರೆ ಬರುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಗೇಟಿನಲ್ಲಿ ಅದೇ ವಾಚಮನ್. ಅವನು ಬಾಯಿ ತೆರೆಯುವ ಮೊದಲು ಅಜ್ಜಿ ಒಳಗಿದ್ದಳು.

ಅವಳು ನೋಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ನೀರಿನ ನಳ. ಆಮೇಲೆ ಹೆಣ್ಣುಮಕ್ಕಳ ಸಂಡಾಸು, ಅದರ ಚಿಲಕ ಎರಡು ಸಲ ಹಾಕಿ ತೆಗೆದಳು. ಆಮೇಲೆ ಕಿಟಕಿ. ಆಮೇಲೆ ಕಾಯಿಲ್ ಸುತ್ತುವ ಹೆಂಗಸರ ಸಾಲಿನಲ್ಲಿ ಹೋಗಿ ಕೂತುಬಿಟ್ಟಳು. ಅವರಲ್ಲಿ ಹೆಚ್ಚಿನವರು ವಿಜಾಪುರದ ಕಡೆಯಿಂದ ಬಂದವರು. ಮಾಲಕರು ಸಿಟ್ಟಿನವರೇ, ಪಗಾರ ಹೊತ್ತಿಗೆ ಸರಿಯಾಗಿ ಆಗುತ್ತದೆಯೇ ಎಂದು ಅವರನ್ನು ಕೇಳಿದಳು. ಮಾಲಕರು ಅಲ್ಲೇ ನಿಂತಿದ್ದರು. ಹೆಂಗಸರು ಅವರ ಮುಖ ನೋಡಿ, ಅಜ್ಜಿಯ ಮುಖ ನೋಡಿ, ಸಿಟ್ಟು ಐತ್ರಿ, ಪಗಾರಾನೂ ಆಗತೈತ್ರಿ ಎಂದು ಸೆರಗಿನಲ್ಲಿ ನಕ್ಕರು. ಐದಕ್ಕೆ ಎಲ್ಲರೂ ಡಬ್ಬಿ ಬಿಚ್ಚುತ್ತಾರೆ, ಮಾಲಕರೂ ಅಲ್ಲೇ ಉಣ್ಣುತ್ತಾರೆ ಎಂದರು. ಸಭೆಯಲ್ಲಿ ಅರ್ಧಕ್ಕೆ ನಿಂತ ಊಟದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆಮೇಲೆ ಸ್ಟೀಲಿನ ತಟ್ಟೆಗಳಲ್ಲಿ ಕಾಂದಾ ಪೋಹೆ ಬಂತು. ಹೆಣ್ಣು ನೋಡಲು ಬಂದವರಿಗೆ ಹೆಣ್ಣಿನ ಮನೆಯವರು ಕೊಡುವ ಅವಲಕ್ಕಿ ಅದು. ಇಲ್ಲಿ ಕೊಟ್ಟವರು ಕಾರ್ಖಾನೆಯವರು. ಅಪ್ಪ ತಟ್ಟೆ ಹಿಡಿದು ಏನು ಮಾಡಬೇಕು ತಿಳಿಯದೆ ಕೂತಿದ್ದ. ಅಜ್ಜಿ ಒಂದು ಚಮಚೆ ತಿಂದು, ಉಪ್ಪ ಕಡಿಮಿ ಎಂದಳು.

ಮಾಲಕರು ನನ್ನ ಮುಂದೆ ಒಂದು ಕೆಟ್ಟ ಸ್ಟೆಬಿಲೈಸರ್ ತಂದಿಟ್ಟರು. ಸರಿಮಾಡು ಎಂದಷ್ಟೇ ಹೇಳಿದರು. ಚಾಲೂ ಮಾಡಿದರೆ ಒಳಗಿನ ಸ್ವಿಚ್ಚು, ರಿಲೇ, ಟಕ ಟಕ ಎಂದು ಹಲ್ಲು ಕಡಿಯುತ್ತಿತ್ತು, ಮುಳ್ಳು ಹಾರಿ ಹಾರಿ ಬೀಳುತ್ತಿತ್ತು. ಇದೇ ರೋಗವನ್ನು ನಾನು ನಮ್ಮ ಓಣಿಯಲ್ಲಿ ಕಂಡಿದ್ದೆ. ಪ್ಲಗ್ ಕಿತ್ತು, ಬಿಚ್ಚಿ, ಸರ್ಕ್ಯೂಟ್ ಹಲಗೆಯನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಒಂದು ಬೆಸುಗೆಯ ಸುತ್ತ ಕೂದಲಿನಂಥ ಬಿರುಕು. ಕಂಡದ್ದೇನೋ ಸರಿ, ಬೆಸೆಯಬೇಕಲ್ಲ. ಕಾದ ಕಡ್ಡಿಯ ತುದಿ ನನ್ನ ಕೈಯಲ್ಲಿ ಅಲುಗುತ್ತಿತ್ತು. ಅಪ್ಪ ನೋಡುತ್ತಿದ್ದ, ಮಾಲಕರು ನೋಡುತ್ತಿದ್ದರು, ಹೆಂಗಸರು ಸುತ್ತುವುದನ್ನು ನಿಲ್ಲಿಸಿದ್ದರು. ತುದಿ ಒಂದು ಸಲ ಪಕ್ಕಕ್ಕೆ ಬಿತ್ತು.

ಅಜ್ಜಿ ಹತ್ತಿರ ಬಂದು ಬಗ್ಗಿದಳು. "ಯಾಕ ನಡಗತಿ? ಪೋಹೆ ತಟ್ಟಿ ಹಿಡಕೊಂಡ ನಿಂತವರು ಅವರದಾರ, ನೀ ಅಲ್ಲ."

ನಾನು ತಲೆಯೆತ್ತಿ ನೋಡಿದೆ. ಮಾಲಕರು ನಿಜಕ್ಕೂ ತಟ್ಟೆ ಹಿಡಿದೇ ನಿಂತಿದ್ದರು, ಹೆಣ್ಣಿನ ಹಾಗೆ, ನೆಟ್ಟಗೆ. ನನಗೆ ನಗು ಉಕ್ಕಿತು. ತುಟಿ ಕಚ್ಚಿ ಅದನ್ನು ಒಳಗೇ ಹಿಡಿದೆ, ಹಿಡಿದ ಹೊತ್ತಿನಲ್ಲೇ ಕೈ ನಿಂತಿತು. ಬೆಸುಗೆ ಕೂತಿತು, ಹೊಳೆಯಿತು, ಆರಿತು. ಮುಚ್ಚಿ ಚಾಲೂ ಮಾಡಿದೆ. ರಿಲೇ ಒಂದೇ ಸಲ ಟಕ್ ಎಂದಿತು. ಮುಳ್ಳು ಎದ್ದು ತನ್ನ ಜಾಗಕ್ಕೆ ಬಂದು ಅಲ್ಲೇ ನಿಂತಿತು.

ಪಸಂತ್ ಎಂದರು ಮಾಲಕರು, ಹೆಣ್ಣು ಒಪ್ಪಿದವರ ಹಾಗೆ. ಸೋಮವಾರದಿಂದ ಬರಲಿ.

"ನಿಮಗ ಪಸಂತ್ ಆದ್ರ ಮುಗೀತೇನ್ರಿ, ನಾವು ಹೇಳಬೇಕಲ್ಲ," ಎಂದಳು ಅಜ್ಜಿ. ಹೊರಗೆ ಹೋದಳು. ಗೇಟಿನಲ್ಲಿ ನಿಂತು ಬಸ್ ನಿಲ್ದಾಣ ಎಷ್ಟು ದೂರ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ವಾಚಮನ್‌ಗೆ ನನ್ನನ್ನು ತೋರಿಸಿ, ಈ ಮುಖ ನೆನಪಿರಲಿ ಎಂದಳು. ಒಳಗೆ ಬಂದು ಅಪ್ಪನ ಕಡೆ ನೋಡಿದಳು. ಅಪ್ಪ ತಟ್ಟೆಯಲ್ಲಿ ಉಳಿದ ಪೋಹೆಯನ್ನೆಲ್ಲ ತಿಂದು ಮುಗಿಸಿದ್ದ. ಕೊಟ್ಟ ಪೋಹೆ ಪೂರ್ತಿ ತಿಂದರೆ ನಮ್ಮಲ್ಲಿ ಅದು ಸಂಬಂಧಕ್ಕೆ ಒಪ್ಪಿಗೆ.

"ಪಸಂತ್ ಐತಿ. ಉಪ್ಪಿಂದ ಅಷ್ಟ ನೋಡ್ರಿ," ಎಂದಳು ಅಜ್ಜಿ.

ಮರಳಿ ಬರುವಾಗ ಸಿಕ್ಸ್-ಸೀಟರ್ ರಿಕ್ಷಾ. ಕುಪವಾಡದ ರಸ್ತೆ ಅಗೆದು ಹಾಕಿದ್ದರು. ನಾವು ಮೂವರೂ ಒಬ್ಬರಿಗೊಬ್ಬರು ಬಡಿಯುತ್ತ ಕುಣಿಯುತ್ತಿದ್ದೆವು. ನನ್ನ ಮೈ ನಡುಗುತ್ತಿದ್ದದ್ದು ರಸ್ತೆಗೋ ನಗುವಿಗೋ ನನಗೇ ತಿಳಿಯಲಿಲ್ಲ. ಅರ್ಧ ದಾರಿಗೆ ಅಜ್ಜಿ ಕಂಬಿ ಹಿಡಿದುಕೊಂಡು, ಅಪ್ಪನಿಗೆ ಕೇಳುವಂತೆ, ಖಂಡೇರಾಜುರಿಯಲ್ಲಿ ಒಬ್ಬ ದ್ರಾಕ್ಷಿ ತೋಟದ ಹುಡುಗ ಇದ್ದಾನೆ, ಬಾವಿಗೆ ಬೇಸಿಗೆಯಲ್ಲೂ ನೀರಂತೆ, ಮುಂದಿನ ವಾರ ಹೋಗಿ ನೋಡಿ ಬರೋಣವೇ ಎಂದಳು.

ನನ್ನ ನಗು ನಿಂತಿತು. ಅಪ್ಪ ಟೋಪಿಯನ್ನು ತೆಗೆದು ಧೂಳು ಕೊಡವಿದ, ಮತ್ತೆ ಹಾಕಿಕೊಂಡ.

"ಬ್ಯಾಡವ್ವಾ," ಎಂದ. "ಈಗ ಅಕಿಗೆ ಪುರಸೊತ್ತಿಲ್ಲ. ಸೋಮವಾರದಿಂದ ಡ್ಯೂಟಿ ಐತಿ."